ಮರೈಕೆ ಏನೂ ಕೇಳಲಿಲ್ಲ

"ಮುಂದಿನ ತಿಂಗಳು ನೀವು ಕೆಲವು ವಾರ ಇರುವುದಿಲ್ಲ, ಅಲ್ಲವೇ ಶೀತಲ್? ನಿಮ್ಮ ಕೆಲಸವನ್ನು ತೇಜಸ್ವಿ ನೋಡಿಕೊಳ್ಳಲಿ. ಈ ವಾರದಿಂದಲೇ ಅವರಿಗೆ ಒಪ್ಪಿಸುತ್ತಾ ಬನ್ನಿ" ಎಂದಳು ಹೊಸ ಬಾಸು ಮರೈಕೆ, ಲ್ಯಾಪ್‌ಟಾಪಿನ ಪರದೆಯೊಳಗಿಂದ.

ಶೀತಲ್ ಚಹದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟಳು. ಮುಖದ ಮೇಲಿದ್ದ ನಗು ಜಾರದಂತೆ ಜೋಪಾನ ಮಾಡಿದಳು. ಮೌಂಟನ್ ವ್ಯೂದ ಅಪಾರ್ಟ್‌ಮೆಂಟಿನಲ್ಲಿ ಆಗಿನ್ನೂ ಬೆಳಗಿನ ಏಳು ಗಂಟೆ. ಮರೈಕೆ ಕೂತಿದ್ದ ನೆದರ್‌ಲ್ಯಾಂಡ್ಸಿನ ಯುಟ್ರೆಕ್ಟ್ ಊರಿನಲ್ಲಿ ಸಂಜೆ ನಾಲ್ಕು. ತನಗೆ ಆಪರೇಷನ್ ಇದೆ, ರಜೆ ಬೇಕಾಗುತ್ತದೆ ಎಂಬ ಮಾತನ್ನು ಶೀತಲ್ ಆಫೀಸಿನಲ್ಲಿ ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಹಾಗಿದ್ದ ಮೇಲೆ ಈಕೆಗೆ ಗೊತ್ತಾದದ್ದು ಹೇಗೆ?

"ಆಗಲಿ, ಒಪ್ಪಿಸುತ್ತೇನೆ" ಎಂದಳು. ನಿಮಗೆ ಯಾರು ಹೇಳಿದರು ಎಂದು ಕೇಳಿದರೆ ಹೌದೆಂದು ಒಪ್ಪಿಕೊಂಡಂತೆಯೇ. ಮರೈಕೆ ತಲೆಯಾಡಿಸಿದಳು. ಏನು ಕಾಯಿಲೆ, ಎಲ್ಲಿ ನೋವು, ಯಾವ ಆಸ್ಪತ್ರೆ, ಊಹೂಂ, ಒಂದೇ ಒಂದು ಮಾತು ಕೇಳಲಿಲ್ಲ. ತಾರೀಖು ಗೊತ್ತಾದಾಗ ತಿಳಿಸಿದರೆ ಸಾಕು ಎಂದು ಹೇಳಿ, ಶುಭಸಂಜೆ ಕೋರಿ ಪರದೆಯಿಂದ ಮಾಯವಾದಳು.

ಶೀತಲ್‌ಳನ್ನು ಕಂಗೆಡಿಸಿದ್ದು ಆ ಕೇಳದಿರುವಿಕೆಯೇ. ಅವಳು ಹುಟ್ಟಿ ಬೆಳೆದ ಹುಬ್ಬಳ್ಳಿಯಲ್ಲಿ ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸು ಕೂಡ 'ಮಾರಿ ಯಾಕ ಹಿಂಗ ಬಾಡೇತಿ, ಮೈಯಾಗ ಆರಾಮಿಲ್ಲೇನು' ಎಂದು ವಿಚಾರಿಸಿ, ಒಂದು ಮನೆಮದ್ದು ಹೇಳಿಯೇ ತನ್ನ ಸ್ಟಾಪಿನಲ್ಲಿ ಇಳಿಯುತ್ತಾಳೆ. ಕೇಳದೆ ಸುಮ್ಮನಿರುವವರು ಒಂದೋ ಸಿಟ್ಟಾದವರು, ಇಲ್ಲವೇ ಒಳಗೊಳಗೇ ಏನೋ ಮಸಲತ್ತು ನಡೆಸಿದವರು. ಮರೈಕೆಗೆ ಸಿಟ್ಟು ಬಂದಂತೆ ಕಾಣಲಿಲ್ಲ.

ಅದರ ಮೇಲೆ ಈ ಒಪ್ಪಿಸುವ ಮಾತು ಬೇರೆ. ಅದಕ್ಕೆ ನಮ್ಮವರ ಬಾಯಲ್ಲಿ ಕೆ.ಟಿ., ಅಂದರೆ ನಾಲೆಜ್ ಟ್ರಾನ್ಸ್‌ಫರ್, ಎಂದು ಹೆಸರು. ನಿನಗೆ ಗೊತ್ತಿರುವುದನ್ನೆಲ್ಲ ಇನ್ನೊಬ್ಬರಿಗೆ ಹೇಳಿಕೊಡು ಎಂದರೆ ಮುಂದೇನಾಗುತ್ತದೆಂದು ಆ ಸೀಮೆಯ ಯಾವ ಇಂಡಿಯನ್ ಇಂಜಿನಿಯರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೆ.ಟಿ. ಮುಗಿದ ಕೆಲವೇ ದಿನಕ್ಕೆ ಒಂದು ಪುಟ್ಟ ಮೀಟಿಂಗಿನ ಕರೆ ಬರುತ್ತದೆ, ಅದರಲ್ಲಿ ಎಚ್.ಆರ್.ನವರೂ ಕೂತಿರುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪು ಪಾಸ್‌ವರ್ಡ್ ಒಪ್ಪದೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಶೀತಲ್‌ಳ ಕೆಲಸ ಹೋದರೆ ಅವಳ ವೀಸಾ ಹೋಯಿತು. ಅವಳ ವೀಸಾ ಹೋದರೆ ಗಂಡ ಸುಮನ್‌ನದೂ ಮಗಳು ನೀಲಾಳದೂ ಹೋಯಿತು. ಸುಮನ್‌ನ ಕಂಪನಿ ಅವನನ್ನು ಮನೆಗೆ ಕಳಿಸಿ ವರ್ಷವಾಗುತ್ತ ಬಂದಿತ್ತು.

ಇನ್ನು ಶೀತಲ್‌ಳ ಕೆಲಸವೇನೆಂದು ಹೇಳಿದರೆ ನಗು ಬಂದೀತು. ಯುರೋಪಿನ ದೇಶದೇಶಗಳಲ್ಲಿ ನೌಕರರು ಹೇಗೆ ದುಡಿಯುತ್ತಾರೆ, ಅವರ ಆರೋಗ್ಯ ಹೇಗಿದೆ, ನೆಮ್ಮದಿ ಎಷ್ಟಿದೆ ಎಂದು ಪ್ರಶ್ನೆ ಕೇಳಿ, ಉತ್ತರ ಕಲೆಹಾಕಿ, ಪ್ರತಿವರ್ಷ ಒಂದು ದಪ್ಪ ವರದಿ ಹೊರಡಿಸುವ ಕಂಪನಿ ಅವಳದು. ಯಾವ ದೇಶದವರಿಗೆ ಬೆನ್ನುನೋವು ಹೆಚ್ಚು, ಯಾವ ದೇಶದವರಿಗೆ ನಿದ್ದೆ ಕಡಿಮೆ, ಎಲ್ಲವೂ ಅವಳ ಕೈಯಲ್ಲಿ ಬಣ್ಣಬಣ್ಣದ ಪಟ್ಟಿಗಳಾಗುತ್ತಿದ್ದವು. 'ಕಳೆದ ವರ್ಷ ಮೈಗೆ ಹುಷಾರಿಲ್ಲದಿದ್ದರೂ ಕೆಲಸ ಮಾಡಿದ್ದೀರಾ?' ಎಂಬ ಪ್ರಶ್ನೆಗೆ ಫಿನ್‌ಲ್ಯಾಂಡಿನವರೂ ಪೋರ್ಚುಗಲ್ಲಿನವರೂ ಕೊಟ್ಟ ಉತ್ತರಗಳನ್ನು ಅವಳು ಆ ತಿಂಗಳು ಜೋಡಿಸುತ್ತಿದ್ದಳು. ಜೋಡಿಸುವಾಗ ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ, ಕುರ್ಚಿಯ ಮೇಲೆ ಮಡಚಿದ ಕಪ್ಪು ಟವೆಲು. ಈ ಯುರೋಪಿನವರು ಎಷ್ಟು ಗೋಳಾಡುತ್ತಾರಪ್ಪಾ ಎಂದು ಅವಳಿಗೆ ಒಮ್ಮೊಮ್ಮೆ ರೇಗುತ್ತಿತ್ತು.

ಗರ್ಭಕೋಶದಲ್ಲಿ ಗಡ್ಡೆಗಳಾಗಿದ್ದವು. ತಿಂಗಳಲ್ಲಿ ಅರ್ಧದಷ್ಟು ದಿನಗಳು ರಕ್ತ ಹೋಗುತ್ತಿತ್ತು. ಮೆಟ್ಟಿಲು ಹತ್ತಿದರೆ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಗರ್ಭಕೋಶ ತೆಗೆಯದೆ ಬೇರೆ ದಾರಿಯಿಲ್ಲ, ಆರು ವಾರ ವಿಶ್ರಾಂತಿ ಬೇಕು, ಇನ್ನು ತಡಮಾಡಿದರೆ ಒಂದು ದಿನ ಆಂಬುಲೆನ್ಸಿನಲ್ಲಿ ಬರುತ್ತೀ ಎಂದು ಡಾಕ್ಟರಮ್ಮ ಬೈದಿದ್ದಳು. ಶೀತಲ್ ಎರಡು ಸಲ ತಾರೀಖು ಕೊಟ್ಟು ಎರಡು ಸಲವೂ ಮುಂದೂಡಿದ್ದಳು. ಒಮ್ಮೆ ವರದಿಯ ಗಡುವು, ಇನ್ನೊಮ್ಮೆ ಬಾಸು ಬದಲಾದದ್ದು. ಆಗಷ್ಟೇ ಅವಳ ತಂಡವನ್ನು ಇಲ್ಲಿಯ ಶಿವಪ್ರಕಾಶ್‌ರ ಕೈಯಿಂದ ಬಿಡಿಸಿ ಮರೈಕೆಯ ಕೈಗೆ ಕೊಟ್ಟಿದ್ದರು. ಹೊಸ ಬಾಸು ಬಂದ ತಿಂಗಳೇ ಯಾರಾದರೂ ರಜೆ ಹಾಕಿ ಮಲಗುತ್ತಾರೆಯೇ? ಮೂರನೆಯ ತಾರೀಖು ಮುಂದಿನ ತಿಂಗಳಿಗೆ ಗೊತ್ತಾಗಿತ್ತು.

ಗುಟ್ಟು ಗೊತ್ತಿದ್ದವರು ಯಾರ್ಯಾರೆಂದು ಅವಳು ಅವತ್ತಿಡೀ ಲೆಕ್ಕ ಹಾಕಿದಳು. ಸುಮನ್ ಹೇಳುವವನಲ್ಲ, ಅವನಿಗೆ ಅವಳಿಗಿಂತ ಹೆಚ್ಚು ಭಯ. ಅತ್ತೆ ಬಂಗಾರೆವ್ವನಿಗೆ ಗೊತ್ತಿತ್ತು ನಿಜ, ಆದರೆ ಅವರ ಇಂಗ್ಲಿಷು 'ಥ್ಯಾಂಕ್ಯೂ'ದಲ್ಲಿ ಹುಟ್ಟಿ ಅಲ್ಲೇ ಮುಗಿಯುತ್ತಿತ್ತು. ಆರು ತಿಂಗಳಿಗೆಂದು ಬಂದಿದ್ದ ಅತ್ತೆ ಸೊಸೆಯ ಪಾಲಿಗೆ ದೊಡ್ಡ ಆಸರೆಯಾಗಿದ್ದರು. ಶೀತಲ್ ಡಾಕ್ಟರ ಹತ್ತಿರ ಹೋದಾಗ ಲ್ಯಾಪ್‌ಟಾಪಿನ ಮುಂದೆ ಕೂತು, ಒಂದು ಕೈಯಲ್ಲಿ ಅವರೆಕಾಳು ಬಿಡಿಸುತ್ತಾ, ಇನ್ನೊಂದು ಕೈಯಿಂದ ಮೌಸನ್ನು ಆಗಾಗ ಅಲ್ಲಾಡಿಸುತ್ತಿದ್ದರು. ಅಲ್ಲಾಡಿಸದಿದ್ದರೆ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಯಾಗಿ, ಸೀಟಿನಲ್ಲಿ ಆಳಿಲ್ಲವೆಂದು ಲೋಕಕ್ಕೆಲ್ಲ ಗೊತ್ತಾಗುತ್ತದೆ. ಶಿವಪ್ರಕಾಶ್‌ರ ಕಾಲದಲ್ಲಿ ಕಲಿತ ಉಪಾಯವದು.

ಹಾಗಾದರೆ ಉಳಿದವಳು ವಸುಧಾ.

*

ವಸುಧಾ ಬೆಂಗಳೂರಿನವಳು, ಒಂದು ಕಾಲಕ್ಕೆ ಶೀತಲ್‌ಳ ಪಕ್ಕದ ಸೀಟಿನವಳು. ಬಾಣಂತನದ ರಜೆ ಮುಗಿಸಿ ಬಂದ ಕೆಲವೇ ವಾರಕ್ಕೆ ಕಂಪನಿ ಅವಳನ್ನು ತೆಗೆದಿತ್ತು. ಈಗ ಬೇರೆ ಕಡೆ ಇದ್ದಳು, ಆದರೆ ಹಳೇ ಆಫೀಸಿನವರೊಂದಿಗೆ ಮಾತುಕತೆ ಇತ್ತು. ಭಾನುವಾರ ಇಂಡಿಯನ್ ಗ್ರೋಸರಿಯಲ್ಲಿ, ತರಕಾರಿಯ ಮುಂದೆ ಸಿಕ್ಕಳು.

"ಯಾಕೆ ಶೀತಲ್, ಎಷ್ಟು ಬೆಳ್ಳಗಾಗಿದೀಯ? ಸರ್ಜರಿ ಡೇಟ್ ಫಿಕ್ಸಾಯ್ತಾ?"

"ಅದನ್ನ ನೀನs ಹೇಳು. ಆಫೀಸ್ನ್ಯಾಗ ಎಲ್ಲಾರಿಗೂ ಹೇಳಿದಾಕಿ ನೀನs ಅಲ್ಲ?"

ವಸುಧಾ ಕೈಯಲ್ಲಿದ್ದ ಮೆಂತ್ಯದ ಕಟ್ಟನ್ನು ಬುಟ್ಟಿಗೆ ಹಾಕದೆ ಹಾಗೇ ನಿಂತಳು. "ಏನ್ ಹೇಳ್ತಿದೀಯ ನೀನು?"

"ಮರೈಕೆಗೆ ಗೊತ್ತಾಗೇತಿ. ನನ್ ಕೆಲಸಾನೆಲ್ಲ ತೇಜಸ್ವಿಗೆ ಕೊಡು ಅಂದ್ಲು. ನಿನ್ನ ಬಿಟ್ರ ಹೊರಗಿನವ್ರು ಯಾರಿಗೂ ನಾ ಹೇಳಿಲ್ಲ."

"ನೋಡು, ನಾನು ಯಾರ ಹತ್ರಾನೂ ಬಾಯ್ ಬಿಟ್ಟಿಲ್ಲ. ನಂಗೆ ಆಗಿದ್ದು ನಿಂಗೂ ಆಗ್ಲಿ ಅಂತ ಅಂದ್ಕೊಳ್ಳೋಳ ಥರ ಕಾಣ್ತೀನಾ ನಿಂಗೆ?" ವಸುಧಾ ಸಿಟ್ಟಿನಲ್ಲೇ ಕೇಳಿದಳು: "ಕೆ.ಟಿ. ಕೊಡು ಅಂದ್ಲಾ?"

"ಹೂಂ."

"ಶಿವಪ್ರಕಾಶ್ ನಂಗೆ ಏನಂದಿದ್ರು ಗೊತ್ತಾ? 'ಆರಾಮಾಗಿ ಹೋಗ್ ಬಾಮ್ಮ, ನಿನ್ ಸೀಟು ನಿಂಗೇ ಕಾಯ್ತಿರುತ್ತೆ, ಇದು ನನ್ ಪ್ರಾಮಿಸ್ಸು' ಅಂತ. ಪಾಪುಗೆ ಗಿಫ್ಟ್ ಬೇರೆ ಕಳಿಸಿದ್ರು." ಮೆಂತ್ಯದ ಕಟ್ಟನ್ನು ಇದ್ದಲ್ಲೇ ಇಟ್ಟು, ಬುಟ್ಟಿಯನ್ನೂ ಅಲ್ಲೇ ಬಿಟ್ಟು, ವಸುಧಾ ಹೊರಟುಹೋದಳು.

ಶೀತಲ್‌ಗೆ ತಪ್ಪು ಮಾಡಿದೆನೇನೋ ಎಂದು ಕ್ಷಣ ಅನ್ನಿಸಿತು. ಆದರೆ ಸಂಶಯ ಒಮ್ಮೆ ಹೊಕ್ಕರೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಅಷ್ಟೊಂದು ಸಿಟ್ಟು ಬಂದದ್ದು ಯಾಕೆ, ಸುಳ್ಳು ಹೇಳುವವರಿಗೇ ಅಲ್ಲವೇ ಸಿಟ್ಟು ಬೇಗ ಬರುವುದು ಎಂದು ಕಾರಿನಲ್ಲಿ ಮನೆಯವರೆಗೂ ಯೋಚಿಸಿದಳು. ತಂದ ಸಾಮಾನಿನಲ್ಲಿ ಹಾಲು ಮರೆತುಹೋಗಿತ್ತು.

ಸೋಮವಾರ ಬೆಳಗಿನ ಏಳಕ್ಕೇ ತೇಜಸ್ವಿ ಮೀಟಿಂಗು ಹಾಕಿದ. ಮೈಸೂರಿನ ಹುಡುಗ, ಮಾತಿನಲ್ಲಿ ಮೆದು. "ಮೇಡಮ್, ನಿಮಗೆ ಯಾವಾಗ ಅನುಕೂಲ ಆಗುತ್ತೋ ಆವಾಗ್ಲೇ ಹೇಳಿಕೊಡಿ, ಅರ್ಜೆಂಟ್ ಏನಿಲ್ಲ" ಎಂದ. ಅರ್ಜೆಂಟಿಲ್ಲ ಎಂದಾಗಲೇ ಶೀತಲ್‌ಗೆ ಇದು ಅರ್ಜೆಂಟೇ ಎಂದು ಖಾತ್ರಿಯಾಯಿತು. ಮೇಲುಮೇಲಿನದನ್ನು ತೋರಿಸಿದಳು. ಉತ್ತರಗಳನ್ನು ಸೋಸುವ, ದೇಶಗಳನ್ನು ಒಂದಕ್ಕೊಂದು ಹೊಂದಿಸುವ ನಿಜವಾದ ಕೈಚಳಕವನ್ನು ಮಾತ್ರ ಬಚ್ಚಿಟ್ಟು, ಕೈಬಿಟ್ಟಿದ್ದ ಹಿಂದಿನ ವರ್ಷದ ವಿಧಾನವನ್ನೇ ಇದೇ ಎಂದು ಒಪ್ಪಿಸಿದಳು. ಪಾಪ, ಹುಡುಗ ಶ್ರದ್ಧೆಯಿಂದ ಬರೆದುಕೊಂಡ.

ಅದು ಮುಗಿದದ್ದೇ ಮರೈಕೆಗೆ ಬರೆದಳು: ತನಗೆ ಅಂಥದ್ದೇನೂ ಆಗಿಲ್ಲ, ಒಂದು ಚಿಕ್ಕ ತಪಾಸಣೆ ಇತ್ತು, ಅದೂ ಬೇಕಾಗಿಲ್ಲವೆಂದು ಡಾಕ್ಟರು ಹೇಳಿದ್ದಾರೆ, ತಾನು ಎಲ್ಲಿಗೂ ಹೋಗುತ್ತಿಲ್ಲ. ಆಮೇಲೆ ಆಸ್ಪತ್ರೆಗೆ ಫೋನು ಹಚ್ಚಿ ಆಪರೇಷನ್ನಿನ ತಾರೀಖನ್ನು ಮೂರನೆಯ ಸಲ ರದ್ದು ಮಾಡಿದಳು. ಆ ಕಡೆಯ ಹೆಂಗಸು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡಳು. ಫೋನಿಟ್ಟು ಎದ್ದಾಗ ಟವೆಲು ಒದ್ದೆಯಾಗಿತ್ತು.

*

ಬಟ್ಟೆ ಒಗೆಯುವ ಮಷಿನ್ನಿನ ಹತ್ತಿರ ಬಂಗಾರೆವ್ವ ಅಡ್ಡ ನಿಂತಿದ್ದರು. ಸೊಸೆಯ ಕೈಯಿಂದ ಟವೆಲನ್ನು ತಾವೇ ಇಸಿದುಕೊಂಡು ಬೇಸಿನ್ನಿನಲ್ಲಿ ತಣ್ಣೀರು ಬಿಟ್ಟು ನೆನೆಹಾಕಿದರು. ನೀರು ಕೆಂಪಾಗುವುದನ್ನು ಇಬ್ಬರೂ ನೋಡಿದರು.

"ದವಾಖಾನಿಗೆ ಒಲ್ಲೆ ಅಂದಿ ಏನು ಮತ್ತ?"

"ಸ್ವಲ್ಪ ದಿನ ಬಿಟ್ಟು ಮಾಡಿಸ್ಕೋತೀನ್ರಿ ಅತ್ತಿ. ಈಗ ಬ್ಯಾಡ. ವಸುಧಾ ಎಲ್ಲಾ ಹೊಲಸು ಮಾಡಿಟ್ಟಾಳ. ಆಫೀಸ್ನ್ಯಾಗ ಹೇಳ್ಯಾಳ."

"ಆಕೀನ್ನ ಯಾಕ ಬೈತಿ? ಹೇಳಿದಾಕಿ ನಾನು."

ಶೀತಲ್‌ಗೆ ಅರ್ಥವಾಗಲಿಲ್ಲ. "ಯಾರಿಗ್ರಿ?"

"ನಿಮ್ಮ ದೊಡ್ಡಾಕಿಗೆ. ಆ ಸಣ್ಣ ಕೂದಲದಾಕಿಗೆ. ನೀ ಹ್ವಾದ ವಾರ ಡಾಕ್ಟರ ಕಡೆ ಹೋಗಿದ್ದೆಲ್ಲ, ಅವತ್ತ ಆಕಿ ಫೋನ್ ಮಾಡಿದ್ಲು ನಿನ್ನ ಲ್ಯಾಪ್‌ಟಾಪಿನ್ಯಾಗ. ನಾ ಎತ್ತಿದೆ."

"ತಪ್ಪಿ ಒತ್ತಿಬಿಟ್ರಿ ಅಂತ ಹೇಳ್ರಿ."

"ಯಾಕ ತಪ್ಪೀನವಾ? ಗೊತ್ತಿದ್ದs ಒತ್ತೀನಿ. ಯಾವ್ದು ಒತ್ತಿದ್ರ ಆಕೀ ಮಾರಿ ಕಾಣ್ತೈತಿ ಅಂತ ನೀಲೂನ್ನ ಮೊದ್ಲs ಕೇಳಿ ಇಟ್ಕೊಂಡಿದ್ದೆ. ಇಂಗ್ಲಿಷೂ ಆಕೀ ಕಡಿಂದs ಕಲ್ತೆ." ಬಂಗಾರೆವ್ವ ಸೆರಗಿಗೆ ಕೈ ಒರೆಸಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ ಹೇಳಿದರು: "ಶೀತಲ್ ಸಿಕ್. ಟೂ ಮಚ್ ಬ್ಲಡ್. ಆಪರೇಷನ್ ನೆಕ್ಸ್ಟ್ ಮಂತ್, ಶಿ ನೋ ಗೋ. ಯು ಸೆಂಡ್. ಪ್ಲೀಸ್ ಡೋಂಟ್ ಟೆಲ್ ಐ ಟೋಲ್ಡ್."

ಶೀತಲ್ ಗೋಡೆಗೆ ಒರಗಿದಳು. ಮೌಂಟನ್ ವ್ಯೂದಿಂದ ಯುಟ್ರೆಕ್ಟಿನವರೆಗೆ ಎಲ್ಲರನ್ನೂ ಅನುಮಾನಿಸಿದ್ದಾಯಿತು. ಅಡುಗೆಮನೆಯಲ್ಲಿ ಅವರೆಕಾಳು ಬಿಡಿಸುತ್ತಿದ್ದವರ ಕಡೆಗೆ ಮಾತ್ರ ಕಣ್ಣು ಹೋಗಿರಲಿಲ್ಲ. ಅವಳಿಗೆ ತಡೆಯಲಾರದ ಸಿಟ್ಟು ಬಂತು.

"ಏನ್ ಮಾಡೀರಿ ಗೊತ್ತೈತೇನ್ರಿ ನಿಮಗ? ನನ್ನ ನೌಕರಿ ಹೋಗ್ತೈತಿ. ನಿಮ್ಮ ಮಗ ಮನ್ಯಾಗ ಕುಂತಾನ. ನಿಮ್ಮಿಂದ ಎಲ್ಲಾರೂ ಗಂಟು ಕಟ್ಕೊಂಡು ಹೋಗೂದು ಬರ್ತೈತಿ."

"ಹೋಗೂಣು" ಎಂದರು ಬಂಗಾರೆವ್ವ. ಸಿಟ್ಟಿರಲಿಲ್ಲ ಅವರ ಮಾತಿನಲ್ಲಿ. ರವಿಕೆಯ ತೋಳು ಮೇಲೇರಿಸಿ ಮೊಣಕೈಯನ್ನು ಸೊಸೆಯ ಮುಂದೆ ಹಿಡಿದರು. ಅಲ್ಲಿ ಅಂಗೈಯಗಲ ಸುಟ್ಟ ಕಲೆ. "ಇದು ಏನಂತ ತಿಳ್ಕೊಂಡೀ ಇಷ್ಟು ವರ್ಷ?"

"ಹಂಚು ತಾಗಿದ್ದು ಅಂತ."

"ಹಂಚಿನ ಮ್ಯಾಲ ಬಿದ್ದಿದ್ದು. ನಿಮ್ಮ ಮಾವ ಹ್ವಾದ ಮ್ಯಾಲ ದುರ್ಗದಬೈಲದಾಗ ಖಾನಾವಳಿ ನಾನs ನಡಿಸ್ತಿದ್ದೆ. ಒಲಿ ಮುಂದ ಕುಂತು ರೊಟ್ಟಿ ಬಡಿಯಾಕತ್ರ ಕೆಳಗ ಹರೀತಿತ್ತು. ಎದ್ದು ಹೋಗಂಗಿಲ್ಲ, ಹೊರಗ ಮಂದಿ ಊಟಕ್ಕ ಕುಂತಿರ್ತಿದ್ರು. ಕಾಣಬಾರ್ದಂತ ಕರೀ ಸೀರಿ ಉಡ್ತಿದ್ದೆ. ಒಂದಿನ ಕಣ್ಣಿಗೆ ಕತ್ತಲಿ ಬಂತು, ಉರಿಯೂ ಹಂಚಿನ ಮ್ಯಾಲs ಬಿದ್ದೆ."

"ಯಾರೂ ಕೇಳ್ಲಿಲ್ಲೇನ್ರಿ?"

"ಕೇಳಿದ್ರು. ರೊಟ್ಟಿ ಯಾಕ ತಡಾ ಆತು ಅಂತ ಕೇಳಿದ್ರು."

ಶೀತಲ್ ಮದುವೆಯಾಗಿ ಬಂದಂದಿನಿಂದ ಆ ಕಲೆಯನ್ನು ನೋಡಿದ್ದಳು. ಹೇಗಾಯಿತು ಎಂದು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು. ಸಿಟ್ಟು ಹೋಗಿರಲಿಲ್ಲ, ಆದರೆ ಅದನ್ನು ಯಾರ ಮೇಲೆ ತೀರಿಸಬೇಕೋ ತಿಳಿಯದೆ ಅವಳು ಲ್ಯಾಪ್‌ಟಾಪಿನ ಕಡೆ ನಡೆದಳು. "ಕರೀ ಟಾವೆಲ್ ಇನ್ನೊಂದು ಐತೇನು?" ಎಂದು ಅತ್ತೆ ಹಿಂದಿನಿಂದ ಕೇಳಿದರು.

*

ಶೀತಲ್ ವೀಡಿಯೊ ಕರೆ ಮಾಡಿದಾಗ ಯುಟ್ರೆಕ್ಟಿನಲ್ಲಿ ಐದು ಗಂಟೆ ದಾಟಿತ್ತು. ಐದಾದ ಮೇಲೆ ಮರೈಕೆ ಆಫೀಸಿನ ಫೋನು ಎತ್ತುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಅವತ್ತು ಎತ್ತಿದಳು. ಯಾವುದೋ ರಸ್ತೆಯ ಬದಿಗೆ ಸೈಕಲ್ ಹಿಡಿದು ನಿಂತಿದ್ದಳು, ಗಾಳಿಗೆ ಮಾತು ಹಾರಿಹೋಗುತ್ತಿತ್ತು.

"ನನ್ನನ್ನು ಕೆಲಸದಿಂದ ತೆಗೆಯುತ್ತಿದ್ದೀರಾ?" ಶೀತಲ್ ಪೀಠಿಕೆಯಿಲ್ಲದೆ ಕೇಳಿದಳು.

"ಇಲ್ಲ. ಯಾಕೆ ಹಾಗೆ ಅನ್ನಿಸಿತು?"

"ನನ್ನ ಕೆಲಸವನ್ನು ತೇಜಸ್ವಿಗೆ ಕೊಟ್ಟಿರಿ."

"ನೀವು ಮಲಗಿದ್ದಾಗ ಯಾರೂ ನಿಮಗೆ ಫೋನು ಮಾಡಬಾರದಲ್ಲ. ಕೆಲಸ ಬೇರೆಯವರ ಕೈಯಲ್ಲಿದ್ದರೆ ಮಾತ್ರ ಮನುಷ್ಯ ನಿಜವಾಗಿ ಮಲಗುತ್ತಾನೆ."

"ಹಾಗಾದರೆ ನನಗೆ ಏನಾಗಿದೆ ಎಂದು ಒಂದೇ ಒಂದು ಸಲ ಯಾಕೆ ಕೇಳಲಿಲ್ಲ?" ಇಷ್ಟು ದಿನ ಒಳಗೆ ಕುದಿಯುತ್ತಿದ್ದದ್ದು ಇದೇ ಎಂದು ಕೇಳಿದ ಮೇಲೆ ಶೀತಲ್‌ಗೇ ಗೊತ್ತಾಯಿತು.

ಮರೈಕೆ ಗಾಳಿಗೆ ಬೆನ್ನು ಕೊಟ್ಟು ನಿಂತಳು. "ಕೇಳುವಂತಿಲ್ಲ. ಕೆಲಸಗಾರರ ಕಾಯಿಲೆ ಏನೆಂದು ಮೇಲಿನವರು ಕೇಳಬಾರದು ಎಂದು ನಮ್ಮಲ್ಲಿ ಕಾನೂನು. ಗೊತ್ತಾದರೆ ಮುಂದೆ ಅದನ್ನೇ ಹಿಡಿದು ಅವರಿಗೆ ಕೇಡು ಮಾಡಿಯಾರು ಎಂದು. ಕೇಳದಿರುವುದೇ ಮರ್ಯಾದೆ ಎಂದುಕೊಂಡಿದ್ದೆ. ನಿಮಗೆ ಏನನ್ನಿಸಿತು?"

"ಏನೋ ಹೂಡಿದ್ದೀರಿ ಅನ್ನಿಸಿತು."

ಆ ಕಾನೂನು ಶೀತಲ್‌ಗೆ ಗೊತ್ತಿಲ್ಲದ್ದೇನೂ ಅಲ್ಲ. ಅವಳದೇ ವರದಿಯಲ್ಲಿ ಅಡಿಟಿಪ್ಪಣಿಯಾಗಿ ಇತ್ತು, ಅವಳೇ ಬರೆದದ್ದು. ಅದು ಆ ದೇಶದವರ ಸಂಗತಿ, ತನಗೆ ಸಂಬಂಧಪಟ್ಟದ್ದಲ್ಲ ಎಂದು ಬರೆದು ಮುಂದಿನ ಪುಟಕ್ಕೆ ಹೋಗಿದ್ದಳು, ಅಷ್ಟೇ.

"ಈಗ ಕೇಳಬಹುದೇ?" ಎಂದಳು ಮರೈಕೆ.

ಶೀತಲ್ ಹೇಳಿದಳು. ಗಡ್ಡೆ, ರಕ್ತ, ಟವೆಲು, ಮುಂದೂಡಿದ ತಾರೀಖುಗಳು, ಹಸಿರು ಚುಕ್ಕೆ, ವೀಸಾ, ಮನೆಯಲ್ಲಿ ಕೂತ ಗಂಡ, ತೇಜಸ್ವಿಗೆ ಹೇಳಿಕೊಟ್ಟ ಸುಳ್ಳು ಪಾಠ, ಯಾವುದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅತ್ತಳು. ಮರೈಕೆ ಸೈಕಲನ್ನು ಗೋಡೆಗೆ ಒರಗಿಸಿ, ರಸ್ತೆಯಂಚಿನ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡಳು.

"ನಿಮ್ಮ ಅತ್ತೆಗೆ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಅದಕ್ಕೇ ನನಗೆ ಹೇಗೆ ಗೊತ್ತಾಯಿತೆಂದು ನಿಮಗೆ ತಿಳಿಸಲಿಲ್ಲ. ಅವರೇ ಹೇಳಿದ್ದಾರೆಂದ ಮೇಲೆ ಈಗ ತೊಂದರೆಯಿಲ್ಲ."

"ನನಗೂ ಒಂದು ಮಾತು ಕೊಡಿ. ವಾಪಸು ಬಂದಾಗ ನನ್ನ ಕೆಲಸ ಇರುತ್ತದೆ ಎಂದು."

"ಕೊಡಲಾರೆ ಶೀತಲ್."

ಶೀತಲ್ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿದಳು.

"ನಿಮ್ಮ ಕಡೆಯ ದೊಡ್ಡವರು ಏನು ಯೋಚಿಸುತ್ತಿದ್ದಾರೋ ನನಗೆ ಹೇಳುವುದಿಲ್ಲ. ನಾಳೆ ನನ್ನನ್ನೂ ತೆಗೆಯಬಹುದು. ನೀವು ಮಲಗಿದ್ದಷ್ಟು ದಿನ ತಂಡದವರು ಯಾರೂ ನಿಮ್ಮನ್ನು ಎಬ್ಬಿಸುವುದಿಲ್ಲ. ಅಷ್ಟು ನನ್ನ ಕೈಯಲ್ಲಿದೆ. ಅದರಾಚೆಗೆ ಹೇಳಿದರೆ ಸುಳ್ಳಾಗುತ್ತದೆ."

ಶಿವಪ್ರಕಾಶ್ ವಸುಧಾಳಿಗೆ ಎಷ್ಟು ಚೆಂದದ ಮಾತು ಕೊಟ್ಟಿದ್ದರು. ಸುಮನ್‌ನ ಕಂಪನಿಯವರೂ, 'ನಾವೆಲ್ಲ ಒಂದೇ ಕುಟುಂಬ' ಎಂದು ಅವನನ್ನು ತೆಗೆಯುವ ಹಿಂದಿನ ವಾರವಷ್ಟೇ ಕೇಕು ಕತ್ತರಿಸಿದ್ದರು. ಕೊಡಲಾರೆ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದವಳು ಇವಳೊಬ್ಬಳೇ. ಎಷ್ಟೋ ತಿಂಗಳ ಮೇಲೆ ಶೀತಲ್ ಒಬ್ಬರನ್ನು ನಂಬಿದಳು. ಭಯ ಮಾತ್ರ ಇದ್ದಷ್ಟೇ ಇತ್ತು.

ಮರುದಿನ ಆಸ್ಪತ್ರೆಗೆ ಫೋನು ಮಾಡಿ ಕಾಡಿ ಬೇಡಿದಳು. ಬಿಟ್ಟುಕೊಟ್ಟ ತಾರೀಖು ಅವಳ ಪುಣ್ಯಕ್ಕೆ ಇನ್ನೂ ಖಾಲಿ ಇತ್ತು. ತೇಜಸ್ವಿಯನ್ನು ಕರೆದು, ಮೊದಲು ಹೇಳಿದ್ದನ್ನೆಲ್ಲ ಹೊಡೆದುಹಾಕು, ಹೊಸದಾಗಿ ಶುರುಮಾಡೋಣ ಎಂದಳು. ಅವನು ಯಾಕೆಂದು ಕೇಳಲಿಲ್ಲ, ಬೇರೆ ಹಾಳೆ ತೆಗೆದುಕೊಂಡ. ವಸುಧಾಳಿಗೆ ತಪ್ಪಾಯಿತೆಂದು ಉದ್ದಕ್ಕೆ ಬರೆದಳು. ಸಂಜೆ ಉತ್ತರ ಬಂತು: 'ಆಪರೇಷನ್ ದಿನ ನೀಲೂನ ಸ್ಕೂಲಿಂದ ನಾನು ಪಿಕಪ್ ಮಾಡ್ತೀನಿ. ನೀನು ಎದ್ದು ಓಡಾಡೋ ಹಾಗಾದ್ಮೇಲೆ ಸರಿಯಾಗಿ ಕೂತು ಜಗಳ ಆಡೋಣ.' ಶೀತಲ್ ಅದನ್ನು ಸುಮನ್‌ಗೂ ಓದಿ ಹೇಳಿದಳು.

*

ಆಸ್ಪತ್ರೆಯಲ್ಲಿ ಪರದೆ ಎಳೆದ ಒಂದು ಚಿಕ್ಕ ಜಾಗದಲ್ಲಿ ಶೀತಲ್‌ಳನ್ನು ಮಂಚದ ಮೇಲೆ ಕೂರಿಸಿದ್ದರು. ಹಿಂದೆ ಲಾಡಿ ಕಟ್ಟುವ ನಿಲುವಂಗಿ, ಕೈಗೆ ಸೂಜಿ. ನರ್ಸು ಬಂದು ಹೆಸರು ಕೇಳಿದಳು, ಹುಟ್ಟಿದ ದಿನ ಕೇಳಿದಳು, ಬೆಳಿಗ್ಗೆ ಏನಾದರೂ ತಿಂದಿದ್ದೀಯಾ ಎಂದು ಕೇಳಿದಳು. ಮನೆಯಲ್ಲಿ ನಿನಗೆ ಯಾರಿಂದಲಾದರೂ ಭಯವಿದೆಯೇ ಎಂದೂ ಕೇಳಿದಳು. ಅದನ್ನು ಇಲ್ಲಿ ಎಲ್ಲರಿಗೂ ಕೇಳುತ್ತಾರೆ. ಇಲ್ಲ ಎಂದು ಶೀತಲ್ ಹೇಳಿದಳು.

ಕೂದಲು ಉದ್ದವಾಗಿದೆ, ಟೋಪಿಯೊಳಗೆ ಹಿಡಿಯಬೇಕಾದರೆ ಎರಡು ಜಡೆ ಹಾಕಿದರೆ ಒಳ್ಳೆಯದು ಎಂದು ನರ್ಸು ಹೇಳಿದಾಗ, ಬಂಗಾರೆವ್ವ ಕಂಬಳಿ ಬದಿಗೆ ಸರಿಸಿ ಸೊಸೆಯ ಬೆನ್ನ ಹಿಂದೆ ಮಂಚದ ಮೇಲೆಯೇ ಹತ್ತಿ ಕೂತರು. ಬಾಚಣಿಕೆ ಇರಲಿಲ್ಲ, ಬೆರಳಿನಿಂದಲೇ ಬೈತಲೆ ತೆಗೆದರು. ಅವರ ಕೈ ಗಡುಸು, ಬಿಗಿ. ಒಂದು ಕಡೆಯ ಜಡೆ ಮುಗಿಯಿತು.

ಸುಮನ್ ಎದುರಿಗೆ ಕುರ್ಚಿಯಲ್ಲಿ ಹೆಂಡತಿಯ ಚಪ್ಪಲಿ, ಕನ್ನಡಕ, ಫೋನು ಎಲ್ಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಫೋನು ಗುರ್ ಎಂದಿತು. ಅವನು ಎತ್ತಿ ನೋಡಿದ. ಓದಿದ. ಇನ್ನೊಂದು ಸಲ ಓದಿದ ಹಾಗೆ ಕಂಡಿತು. ಆಮೇಲೆ ಫೋನನ್ನು ಮಗುಚಿ ಇಟ್ಟುಕೊಂಡು ಅದರ ಮೇಲೆ ಅಂಗೈಯೂರಿದ.

"ಯಾರು?" ಶೀತಲ್ ಕೇಳಿದಳು.

"ಯಾರೂ ಅಲ್ಲ. ಗ್ರೋಸರಿ ಅಂಗಡಿ ಆಫರ್."

ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅವನ ಮುಖ ಗೊತ್ತಿಲ್ಲವೇ? ಅಂಗಡಿಯ ಆಫರಿಗೆ ಯಾರ ಮುಖದ ಬಣ್ಣವೂ ಹಾಗೆ ಇಳಿಯುವುದಿಲ್ಲ. ಅವನ ಕೆಲಸ ಹೋದ ಬೆಳಿಗ್ಗೆಯೂ ಅವನು ಹೀಗೆಯೇ ಅಂಗೈ ಊರಿ ಕೂತಿದ್ದ. ಕೊಡಿಲ್ಲಿ ಎಂದು ಕೈ ಚಾಚಿದರೆ ಕೊಟ್ಟುಬಿಡುತ್ತಾನೆ, ಅವನಿಗೆ ಸುಳ್ಳು ಬಹಳ ಹೊತ್ತು ಹಿಡಿದಿಡಲು ಬರುವುದಿಲ್ಲ. ಓದಿದರೆ ಈಗಲೂ ಎದ್ದು ಬಟ್ಟೆ ಹಾಕಿಕೊಂಡು ಹೋಗಬಹುದು, ಯಾರಿಗಾದರೂ ಫೋನು ಮಾಡಬಹುದು. ಅವಳು ಅವನ ಕಡೆ ಬಾಗಿದಳು.

"ಅಲಗ್ಯಾಡಬ್ಯಾಡ ತಂಗಿ" ಎಂದರು ಬಂಗಾರೆವ್ವ ಹಿಂದಿನಿಂದ. "ಇನ್ನೊಂದು ಜಡಿ ಉಳದೈತಿ."

ಪರದೆಯ ಆಚೆ ಯಾರೋ ಗಾಲಿಯ ಮಂಚ ತಳ್ಳಿಕೊಂಡು ಬರುತ್ತಿದ್ದರು. ಸುಮನ್ ಅವಳನ್ನೇ ನೋಡುತ್ತಿದ್ದ, ಕೇಳುತ್ತಾಳೆಂದು ಕಾಯುತ್ತಿದ್ದ. ಶೀತಲ್ ಚಾಚಲು ಎತ್ತಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಕತ್ತು ನೆಟ್ಟಗೆ ಮಾಡಿ ಕೂತಳು. ಬಂಗಾರೆವ್ವ ಉಳಿದ ಕೂದಲನ್ನು ಮೂರು ಎಳೆ ಮಾಡಿಕೊಂಡು, ಮೊದಲ ಹೆಣಿಗೆಯನ್ನು ಬಿಗಿಯಾಗಿ ಎಳೆದರು.